ಉ: ಕನ್ನಡ ಡೆಕಲ್ ಅಪ್‌ಲೋಡ್ ಯಾಕೆ ಆಗುತ್ತಿಲ್ಲ?

ಕಾರ್ ರೇಸ್ ಆಟ ಗ್ರಾನ್ ಟುರಿಸ್ಮೊ 7ರ ಲಿವರಿ (ಕಾರಿನ ಮೈಮೇಲಿನ ವಿನ್ಯಾಸ) ಸ್ಪರ್ಧೆಗೆ ಕಾರಿನ ಬಾಗಿಲ ಮೇಲೆ ‘ರಥ’ ಅಂತ ಹಾಕಬೇಕು, ಡೆಕಲ್ (ಕಾರಿಗೆ ಅಂಟಿಸುವ ಚಿತ್ರ) ಅಪ್‌ಲೋಡ್ ಆಗುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಫೈಲ್ 48 ಕೆಬಿ ಇದೆ, ಅದೇ ತೊಂದರೆ. ಅಲ್ಲಿ ಎಸ್‌ವಿಜಿ, ಅಂದರೆ ಗೆರೆಗಳಿಂದ ಬಿಡಿಸಿದ ಚಿತ್ರದ ಫೈಲ್ ಮಾತ್ರ ನಡೆಯುತ್ತದೆ, ಅದೂ 15 ಕೆಬಿ ಒಳಗೆ. ಎಸ್‌ವಿಜಿ ಒಳಗೆ ಫೋಟೋ ತುರುಕಿದರೂ ಪ್ರಯೋಜನ ಇಲ್ಲ.

ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಅಕ್ಷರ ಆಯ್ದುಕೊಂಡು ‘ಆಬ್ಜೆಕ್ಟ್ ಟು ಪಾತ್’ ಕೊಡಿ. ಫಾಂಟ್ ಆಟದೊಳಗೆ ಬರುವುದಿಲ್ಲ, ಗೆರೆಗಳಷ್ಟೇ ಬರುತ್ತವೆ. ನಮ್ಮ ಅಕ್ಷರ ಎಲ್ಲಾ ಗುಂಡಗುಂಡಗೆ ಅಲ್ವಾ, ಗೆರೆಯನ್ನು ಹಿಡಿದಿಡುವ ಬಿಂದುಗಳು ಜಾಸ್ತಿ, ಅದಕ್ಕೇ ಫೈಲ್ ದೊಡ್ಡದಾಗುತ್ತದೆ. ಕಂಟ್ರೋಲ್ ಎಲ್ ಒತ್ತಿದರೆ ಕಡಿಮೆಯಾಗುತ್ತವೆ. ಆದರೆ ಒಂದೇ ಸಲ ಒತ್ತಿ ನೋಡಿ. ನಾನು ಸುಮ್ನೆ ನಾಲ್ಕೈದು ಸಲ ಒತ್ತಿ, ‘ಥ’ ಒಳಗಿನ ಚುಕ್ಕಿ ಕರಗಿ ‘ರಧ’ ಆಗಿತ್ತು! ಕೊನೆಗೆ ‘ಪ್ಲೇನ್ ಎಸ್‌ವಿಜಿ’ ಆಗಿಯೇ ಉಳಿಸಿ.

ಆದರೂ ದೊಡ್ಡದಾದರೆ ‘ರ’ ಒಂದು ಡೆಕಲ್, ‘ಥ’ ಇನ್ನೊಂದು ಮಾಡಿ, ಕಾರಿನ ಮೇಲೆ ಪಕ್ಕಪಕ್ಕ ಕೂರಿಸಿ. ನಿಮ್ಮ ಚಿತ್ರದಲ್ಲಿ ಅಕ್ಷರಗಳ ಹಿಂದೆ ಇರುವ ಚಕ್ರದ ಕೆತ್ತನೆ ಮಾತ್ರ ಬಿಟ್ಟುಬಿಡಿ. ಓಡುವ ಕಾರಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ, ಕೆಬಿ ತಿನ್ನುತ್ತಿರುವುದೂ ಅದೇ.