ತಾತನಿಂದ ಬಂದ ಡಾಡ್ಜ್ ಕಿಂಗ್ಸ್‌ವೇ ಕಾರಿನ ಹಿನ್ನೆಲೆ ತಿಳಿಯೋದು ಹೇಗೆ?

ತಾತನ ಡಾಡ್ಜ್ ಕಿಂಗ್ಸ್‌ವೇ ಮೈಸೂರಿನ ಶೆಡ್ಡಿನಲ್ಲಿದೆ, ಆರ್‌ಸಿ ಪುಸ್ತಕ ಅರ್ಧ ಗೆದ್ದಲು ತಿಂದಿದೆ, ಅಮೆರಿಕದ ಪಟ್ಟಿಗಳಲ್ಲಿ ಹುಡುಕಿದರೆ ಈ ಹೆಸರಿನ ಕಾರೇ ಸಿಗುತ್ತಿಲ್ಲ ಅಂತ ಬರೆದಿದ್ದೀರಿ. ಸಿಗದೇ ಇರೋದಕ್ಕೆ ಕಾರಣ ಇದೆ. ಕಿಂಗ್ಸ್‌ವೇ ಅನ್ನೋದು ಕೆನಡಾಕ್ಕೂ ಹೊರದೇಶಗಳಿಗೂ ಇಟ್ಟ ಹೆಸರು. ಒಳಗೆ ಅದು ಪ್ಲಿಮತ್, ಡಾಡ್ಜ್ ಮಾಡುತ್ತಿದ್ದ ಅಮೆರಿಕದ ಕ್ರೈಸ್ಲರ್ ಕಂಪನಿಯದೇ ಇನ್ನೊಂದು ಕಾರು. ಗ್ರಿಲ್ ಮತ್ತು ಹೆಸರಿನ ಬಿಲ್ಲೆ ಮಾತ್ರ ಡಾಡ್ಜ್‌ನದು.

ನಮ್ಮ ದೊಡ್ಡಪ್ಪನಿಂದ ನಮಗೆ ಬಂದದ್ದು ಡಿಸೋಟೊ ಡಿಪ್ಲೊಮ್ಯಾಟ್. ಅದೂ ಇದೇ ಪ್ಲಿಮತ್, ಇನ್ನೊಂದು ಮುಖ ಹೊತ್ತು ಬಂದದ್ದು. ಹಾಗಾಗಿ ಈ ದಾರಿ ನನಗೆ ಸ್ವಲ್ಪ ಗೊತ್ತು.

ಮೊದಲು ಕಾರು ಎಲ್ಲಿಂದ ಬಂತು ಅಂತ ನೋಡೋಣ. ವಾಲ್‌ಚಂದ್ ಹಿರಾಚಂದ್ ಅವರ ಪ್ರೀಮಿಯರ್ ಆಟೋಮೊಬೈಲ್ಸ್ 1947ರಿಂದ ಬೊಂಬಾಯಿಯ ಕುರ್ಲಾದಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳನ್ನು ಜೋಡಿಸುತ್ತಿತ್ತು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನ ಮೇಲೆ ಬರುತ್ತಿದ್ದವು. ನಿಮ್ಮದು ಐವತ್ತರ ದಶಕದ್ದಾದರೆ ಬಹುಶಃ ಅಲ್ಲಿಂದಲೇ ಹೊರಬಂದದ್ದು. ಅಮೆರಿಕದ ಸೀರಿಯಲ್ ನಂಬರ್ ಪಟ್ಟಿಗಳು ಡೆಟ್ರಾಯಿಟ್, ಇವಾನ್ಸ್‌ವಿಲ್, ಲಾಸ್ ಏಂಜಲೀಸ್ ಹೀಗೆ ಅಲ್ಲಿನ ಕಾರ್ಖಾನೆಗಳ ಲೆಕ್ಕದಲ್ಲಿವೆ. ನಿಮ್ಮ ನಂಬರ್ ಅದಕ್ಕೆ ಹೊಂದದಿದ್ದರೆ ಕಾರು ನಕಲಿ ಅಂತ ಯಾರಾದರೂ ಹೆದರಿಸಬಹುದು. ಸುಮ್ನೆ ನಕ್ಕುಬಿಡಿ. (ಫೋರ್ಡ್, ಶೆವ್ರೊಲೆ ಇಟ್ಟುಕೊಂಡವರಿಗೆ ಇನ್ನೊಂದು ತಮಾಷೆ. ನಾವು ಅಮೆರಿಕನ್ ಅಂದುಕೊಂಡ ಎಷ್ಟೋ ಬಲಗೈ ಸ್ಟೀರಿಂಗ್ ಕಾರುಗಳು ಕೆನಡಾದಿಂದ ಬಂದವು.)

ಈಗ ಬಾನೆಟ್ ಎತ್ತಿ. ಟಿಂಕರಿಂಗ್‌ಗೆ, ಪೇಂಟಿಂಗ್‌ಗೆ ಕೊಡುವ ಮೊದಲೇ ಈ ಕೆಲಸ ಆಗಬೇಕು. ಮೆಕ್ಯಾನಿಕ್ ಮರಳು ಕಾಗದ ಹಿಡಿದರೆ ಅರ್ಧ ಸಾಕ್ಷಿ ಹೋಯಿತು. ಆರು ಸಿಲಿಂಡರಿನ ಎಂಜಿನ್ನಿನ ಎಡಮಗ್ಗುಲಲ್ಲಿ, ಮುಂಭಾಗದಲ್ಲಿ, ಡೈನಮೋ ಮೇಲೆ ಒಂದು ಚಪ್ಪಟೆ ಜಾಗ ಇದೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ನಂಬರ್ ಕಾಣುತ್ತದೆ. ಪಿ24 ಅಂತ ಶುರುವಾದರೆ 1953ರ ಪ್ಲಿಮತ್ ಎಂಜಿನ್, ಪಿ25 ಆದರೆ 1954ರದ್ದು. ಅದೇ ಬ್ಲಾಕಿನ ಮೇಲೆ ಅಚ್ಚಿನಲ್ಲೇ ಮೂಡಿದ ತಾರೀಖೂ ಇರುತ್ತದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ ಅಲ್ವಾ? 3-12-54 ಅಂದರೆ ಮಾರ್ಚ್ 12.

ಎಂಜಿನ್ನೇ ಬೇರೆ ಇದ್ದರೂ ಆಶ್ಚರ್ಯ ಬೇಡ. ಇಂಥ ದೊಡ್ಡ ಕಾರುಗಳು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದವು, ಎಷ್ಟೋ ಜನ ಡೀಸೆಲ್ ಎಂಜಿನ್ ಹಾಕಿಸಿಕೊಂಡರು. ಆಗ ಮುಂದಿನ ಬಾಗಿಲಿನ ಕಂಬದ ಮೇಲಿನ ಸೀರಿಯಲ್ ಪ್ಲೇಟನ್ನೂ ಚಾಸಿಯ ಮೇಲೆ ಹೊಡೆದ ನಂಬರನ್ನೂ ನಂಬಿ. ಎರಡರ ಮೇಲೂ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಆರ್‌ಸಿಯಲ್ಲಿ ಗುಮಾಸ್ತರ ಕೈಬರಹದಿಂದ 3 ಹೋಗಿ 8 ಆಗಿರೋದು ಮಾಮೂಲಿ.

ಮಾಲೀಕರ ಸರಣಿ ಹುಡುಕೋದೇ ನನಗೆ ಇಷ್ಟವಾದ ಭಾಗ. ಹಳೆ ಆರ್‌ಸಿ ಪುಸ್ತಕದಲ್ಲಿ ವರ್ಗಾವಣೆಯ ಪುಟಗಳಿರುತ್ತವೆ, ಗೆದ್ದಲು ಬಿಟ್ಟ ತುಂಡನ್ನೂ ಎಸೆಯಬೇಡಿ. ನಂಬರ್ ಎಂವೈ ಎಂದು ಶುರುವಾದರೆ ಮೈಸೂರು ರಾಜ್ಯದ ಕಾಲದ ನೋಂದಣಿ. ಬಿಎಂ ಇದ್ದರೆ ಬೊಂಬಾಯಿ ರಾಜ್ಯ. 1956ರವರೆಗೆ ಧಾರವಾಡ, ಬೆಳಗಾವಿ ಅದರಲ್ಲೇ ಇದ್ದವು, ಆದ್ದರಿಂದ ಮೊದಲ ಮಾಲೀಕ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೂ ಆಗಿರಬಹುದು. ನೋಂದಣಿ ಮಾಡಿದ ಆರ್‌ಟಿಒ ಕಚೇರಿಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದರಲ್ಲಿ ‘ಕಾರಿನ ಇತಿಹಾಸ ಕೊಡಿ’ ಅಂತ ಕೇಳಬೇಡಿ. ಇಂಥ ನಂಬರಿನ ವಾಹನದ ನೋಂದಣಿ ರಿಜಿಸ್ಟರ್ ಪುಟದ ನಕಲು ಬೇಕು ಅಂತ ಕೇಳಿ.

ಕಚೇರಿಯ ಉತ್ತರ ಬರುವಷ್ಟರಲ್ಲಿ ನೆಂಟರ ಮದುವೆ ಆಲ್ಬಂಗಳನ್ನು ತಿರುವಿ ಹಾಕಿ. ಆಗಿನ ಕಾಲಕ್ಕೆ ಊರಲ್ಲಿ ಇಂಥ ಕಾರಿದ್ದರೆ ಮದುಮಕ್ಕಳ ಮೆರವಣಿಗೆಗೆ ಅದನ್ನೇ ಕೇಳುತ್ತಿದ್ದರು. ಹೂವಿನ ಹಾರದ ಕೆಳಗೆ ನಂಬರ್ ಪ್ಲೇಟ್ ಕಂಡರೆ, ಮದುವೆಯ ವರ್ಷವಂತೂ ಅತ್ತೆ-ಚಿಕ್ಕಮ್ಮಂದಿರಿಗೆ ಬಾಯಿಪಾಠ. ನಮ್ಮ ಡಿಸೋಟೊ ಯಾವಾಗ ಬಣ್ಣ ಬದಲಾಯಿಸಿತು ಅಂತ ತಿಳಿದದ್ದು ಹೀಗೇ. ‘ಇದು ಮಹಾರಾಜರ ಕಾರು’ ಅಂತ ಯಾರಾದರೂ ಹೇಳಿದರೆ ಮಾತ್ರ ಕಾಗದ ಕೇಳಿ. ಮೈಸೂರಿನ ಹಳೆ ಕಾರುಗಳಲ್ಲಿ ಅರ್ಧಕ್ಕರ್ಧ ಅರಮನೆಯಿಂದಲೇ ಬಂದವಂತೆ!

ಇನ್ನೊಂದು ವಿಷಯ, ಕಾರು ಇನ್ನೂ ತಾತನ ಹೆಸರಲ್ಲೇ ಇದೆಯಾ? ಹಾಗಿದ್ದರೆ ವಾರಸುದಾರರ ಹೆಸರಿಗೆ ಬದಲಾಯಿಸಲು ಫಾರಂ 31 ಬೇಕು, ಅದಕ್ಕೂ ಇದೇ ನಂಬರುಗಳು ಬೇಕು. 2021ರ ವಿಂಟೇಜ್ ನಿಯಮದಡಿ 50 ವರ್ಷ ದಾಟಿದ ಕಾರಿಗೆ ಪ್ರತ್ಯೇಕ ನೋಂದಣಿ ಮಾಡಿಸಬಹುದು, ಈಗಾಗಲೇ ನೋಂದಣಿ ಆಗಿದ್ದರೆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು ಅಂತಿದೆ. ಡೀಸೆಲ್ ಎಂಜಿನ್ ಇದ್ದರೆ ಅರ್ಜಿ ಹಾಕುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ. ಎಂಜಿನ್ ನಂಬರ್ ಸಿಕ್ಕಿದ ಮೇಲೆ ಇಲ್ಲೇ ಹಾಕಿ, ವರ್ಷ ಯಾವುದು ಅಂತ ನೋಡೋಣ.