ಖನಿಜ ಹುಡುಕುವಾಗ ಯಾವ ಭೂವೈಜ್ಞಾನಿಕ ಸುಳಿವಿಗೆ ಎಷ್ಟು ತೂಕ ಕೊಡಬೇಕು?
ಈಗಾಗಲೇ ಸಿಕ್ಕಿರುವ ನಿಕ್ಷೇಪಗಳಿಂದಲೇ ಲೆಕ್ಕ ಹಾಕುವುದು ಒಳ್ಳೆಯದು. ಒಂದು ಪ್ರದೇಶದಲ್ಲಿ 10 ಚಿನ್ನದ ನಿಕ್ಷೇಪಗಳಿವೆ ಅಂದುಕೊಳ್ಳಿ. ಅವುಗಳಲ್ಲಿ 8 ಸ್ತರಭಂಗದಿಂದ, ಅಂದರೆ ಬಂಡೆ ಒಡೆದು ಜರುಗಿದ ಗೆರೆಯಿಂದ, 1 ಕಿ.ಮೀ. ಒಳಗಿವೆ. ಗೆರೆಯ ಅಕ್ಕಪಕ್ಕದ ಆ 1 ಕಿ.ಮೀ. ಜಾಗ ಇಡೀ ಪ್ರದೇಶದ ಶೇ. 20 ಮಾತ್ರ. ನಿಕ್ಷೇಪಗಳು ಸುಮ್ನೆ ಎಲ್ಲೆಂದರಲ್ಲಿ ಹರಡಿದ್ದರೆ ಅಲ್ಲಿ 2 ಇರಬೇಕಿತ್ತು, ಅಲ್ವಾ? ನಾಲ್ಕು ಪಟ್ಟು ಇವೆ. 4ರ ನ್ಯಾಚುರಲ್ ಲಾಗ್, ಸುಮಾರು 1.39, ಆ ಸುಳಿವಿನ ತೂಕ. ಈ ವಿಧಾನದ ಹೆಸರು ‘ವೇಟ್ಸ್ ಆಫ್ ಎವಿಡೆನ್ಸ್’.

ಜಾಸ್ತಿ ಎಡವುವುದು ಇಲ್ಲಿ: ಸ್ತರಭಂಗವನ್ನೂ ಅದರಿಂದಲೇ ಆದ ಬಿರುಕುಗಳನ್ನೂ ಬೇರೆ ಬೇರೆ ಸುಳಿವು ಅಂತ ಎಣಿಸಿದರೆ, ಒಂದೇ ಸಾಕ್ಷಿಯನ್ನು ಎರಡು ಸಲ ತೂಗಿದ ಹಾಗೆ. ಇದನ್ನು ದಯವಿಟ್ಟು ಮೊದಲೇ ಪರೀಕ್ಷಿಸಿ.

ನಿಕ್ಷೇಪಗಳೇ ಸಿಕ್ಕಿಲ್ಲದ ಕಡೆ ಅನುಭವಿಗಳು ಸುಳಿವುಗಳನ್ನು ಜೋಡಿಯಾಗಿ ಹೋಲಿಸಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ.