ಜಾವಾ ಎಂಜಿನ್‌ಗೆ ವಾಲ್ವ್ ಇಲ್ಲ, ಎಂಜಿನ್ ಆಯಿಲೂ ಇಲ್ಲ ಅಂತಾರೆ. ಹಾಗಾದ್ರೆ ಅದು ಓಡೋದು ಹೇಗೆ?

ನೀವು ಕೇಳಿದ್ದು ಇದು: ಶನಿವಾರಸಂತೆ ಹತ್ತಿರದ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಜಾವಾ 250 ಬೈಕ್ ಹತ್ತು ವರ್ಷದಿಂದ ನಿಂತಿದೆ. ಅದರಲ್ಲಿ ವಾಲ್ವ್ ಇಲ್ಲ, ಎಂಜಿನ್ ಆಯಿಲ್ ಇಲ್ಲ ಅಂತ ಯಾರೋ ಹೇಳಿದ್ರು. ಹಾಗಾದ್ರೆ ಒಳಗೆ ನಡೆಯೋದೇನು, ಪೆಟ್ರೋಲಿಗೆ ಆಯಿಲ್ ಬೆರೆಸೋದು ಯಾಕೆ?

ವಾಲ್ವ್, ಅಂದ್ರೆ ಗಾಳಿ ಬರೋಕೆ ಹೊಗೆ ಹೋಗೋಕೆ ತೆರೆದು ಮುಚ್ಚೋ ಬಾಗಿಲು, ಇಲ್ಲ ಅನ್ನೋದು ನಿಜ. ಎಂಜಿನ್ ಆಯಿಲ್ ಇಲ್ಲ ಅನ್ನೋದು ಅರ್ಧ ನಿಜ. ಆ ಇನ್ನರ್ಧ ತಿಳಿಯದೆ ನಾನೇ ಒಂದು ಎಂಜಿನ್ ಹಾಳು ಮಾಡಿಕೊಂಡಿದ್ದೀನಿ, ಆ ಕತೆ ಆಮೇಲೆ. ನಾನು ಮೆಕ್ಯಾನಿಕ್ ಅಲ್ಲ. ಸುಂಟಿಕೊಪ್ಪದ ಹತ್ತಿರ ನಾಲ್ಕು ಎಕರೆ ರೋಬಸ್ಟಾ ಕಾಫಿ ಇದೆ, ದೊಡ್ಡಪ್ಪ ಬಿಟ್ಟುಹೋದ ಒಂದು ಜಾವಾ ಇದೆ. ಅದನ್ನ ಮೂರು ಸಲ ಪೂರ್ತಿ ಬಿಚ್ಚಿ ಜೋಡಿಸಿದ್ದೀನಿ. ಎರಡು ಸಲ ಆಸೆಗೆ, ಒಂದು ಸಲ ನನ್ನ ತಪ್ಪಿಗೆ.

ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಅಂದ್ಕೋಬೇಡಿ. ಸಿಲಿಂಡರ್ ಒಂದೇ. ಒಳಗಿನ ಅಗಲ 65 ಮಿಲಿಮೀಟರ್, ಪಿಸ್ಟನ್ ಹತ್ತಿ ಇಳಿಯೋ ದೂರ 75 ಮಿಲಿಮೀಟರ್. ಲೆಕ್ಕ ಹಾಕಿದ್ರೆ 249 ಸಿಸಿ. ಶಕ್ತಿ ಸುಮಾರು 12 ಎಚ್‌ಪಿ, ಈಗಿನ 125 ಸಿಸಿ ಬೈಕುಗಳು ಅದರ ಹತ್ತಿರಕ್ಕೆ ಬಂದುಬಿಟ್ಟಿವೆ. ಆದ್ರೆ ಆ 12 ಎಚ್‌ಪಿಯನ್ನ ಎಷ್ಟು ಕಡಿಮೆ ಸಾಮಾನಿನಲ್ಲಿ ತೆಗೆದಿದ್ದಾರೆ ಅನ್ನೋದೇ ಇದರ ಚಂದ. ಪಿಸ್ಟನ್, ಕನೆಕ್ಟಿಂಗ್ ರಾಡ್, ಆ ರಾಡಿನ ಏರಿಳಿತವನ್ನ ತಿರುಗಾಟ ಮಾಡೋ ಕ್ರ್ಯಾಂಕ್. ಎಂಜಿನ್ ಒಳಗೆ ಓಡಾಡೋ ದೊಡ್ಡ ಸಾಮಾನು ಈ ಮೂರೇ. ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ವಾಲ್ವ್ ಸ್ಪ್ರಿಂಗ್ ಇಲ್ಲ, ಆಯಿಲ್ ಪಂಪ್ ಇಲ್ಲ.

ಅಷ್ಟೂ ಕೆಲಸ ಪಿಸ್ಟನ್ ಒಂದೇ ಮಾಡುತ್ತೆ. ಈಗಿನ ಹೆಚ್ಚಿನ ಬೈಕುಗಳಲ್ಲಿ ಪಿಸ್ಟನ್ನಿನ ತಲೆಯ ಮೇಲೆ ಮಾತ್ರ ಕೆಲಸ. ಇಲ್ಲಿ ತಲೆಯ ಮೇಲೂ ಕೆಲಸ, ಕಾಲ ಕೆಳಗೂ ಕೆಲಸ. ಕೆಳಗಡೆ ಕ್ರ್ಯಾಂಕ್ ತಿರುಗೋ ಕೋಣೆ ಇದೆಯಲ್ಲ, ಅದು ಗಾಳಿ ಸೋರದ ಹಾಗೆ ಮುಚ್ಚಿದ ಡಬ್ಬಿ. ಕಾರ್ಬುರೇಟರ್‌ನಿಂದ ಬರೋ ಪೆಟ್ರೋಲ್ ಗಾಳಿ ನೇರವಾಗಿ ಉರಿಯೋ ಜಾಗಕ್ಕೆ ಹೋಗಲ್ಲ. ಮೊದಲು ಈ ಡಬ್ಬಿಗೆ ಬರುತ್ತೆ, ಇಲ್ಲಿಂದ ಮೇಲಕ್ಕೆ ಹೋಗುತ್ತೆ. ಇದೊಂದು ತಲೆಗೆ ಹೋದ್ರೆ ಉಳಿದಿದ್ದೆಲ್ಲ ಸುಲಭ.

ವಾಲ್ವ್ ಬದಲಿಗೆ ಸಿಲಿಂಡರಿನ ಗೋಡೆಯಲ್ಲೇ ಕಿಟಕಿಗಳಿವೆ, ಪೋರ್ಟ್ ಅಂತಾರೆ. ಹಿಂದುಗಡೆ ಕಾರ್ಬುರೇಟರ್ ಕಡೆಯದು. ಮುಂದುಗಡೆ ಹೊಗೆ ಹೋಗೋದು, ಅದನ್ನೇ ಎರಡಾಗಿ ಸೀಳಿ ಎರಡು ಪೈಪಿಗೆ ಕೊಟ್ಟಿದ್ದಾರೆ. ಎರಡು ಪಕ್ಕದಲ್ಲಿ ಕೆಳಗಿನ ಡಬ್ಬಿಯಿಂದ ಮೇಲಕ್ಕೆ ಬರೋ ದಾರಿಗಳು. ಪಿಸ್ಟನ್ ಹತ್ತುತ್ತಾ ಇಳಿಯುತ್ತಾ ಈ ಕಿಟಕಿಗಳನ್ನ ಮುಚ್ಚಿ ತೆರೆಯುತ್ತೆ.

ಪಿಸ್ಟನ್ ಕೆಳಗಿಂದ ಹೊರಟಿದೆ ಅಂತ ಇಟ್ಕೊಳ್ಳಿ. ಅದು ಮೇಲಕ್ಕೆ ಹೋಗ್ತಾ ಪಕ್ಕದ ಕಿಟಕಿಗಳು ಮುಚ್ಚುತ್ತವೆ, ಆಮೇಲೆ ಹೊಗೆಯ ಕಿಟಕಿ ಮುಚ್ಚುತ್ತೆ, ತಲೆಯ ಮೇಲಿರೋ ಪೆಟ್ರೋಲ್ ಗಾಳಿ ಅದುಮಿಕೊಳ್ಳುತ್ತೆ. ಅದೇ ಹೊತ್ತಿಗೆ ಕೆಳಗಿನ ಡಬ್ಬಿಯಲ್ಲಿ ಜಾಗ ಜಾಸ್ತಿಯಾಗಿ ಎಳೆತ ಹುಟ್ಟುತ್ತೆ, ಸೈಕಲ್ ಪಂಪಿನ ಹಿಡಿ ಮೇಲಕ್ಕೆ ಎಳೆದ ಹಾಗೆ. ಪಿಸ್ಟನ್ನಿನ ಕೆಳ ಅಂಚು ಹಿಂದಿನ ಕಿಟಕಿ ದಾಟಿದ ಕೂಡಲೇ ಕಾರ್ಬುರೇಟರ್‌ನಿಂದ ಹೊಸ ಗಾಳಿ ಬುಸ್ಸಂತ ಡಬ್ಬಿಗೆ ನುಗ್ಗುತ್ತೆ. ಪಿಸ್ಟನ್ ತುದಿ ಮುಟ್ಟೋಕೆ ಕೆಲವೇ ಮಿಲಿಮೀಟರ್ ಇರೋವಾಗ ಪ್ಲಗ್ ಕಿಡಿ ಹಾರಿಸುತ್ತೆ. ಮೊದಲೇ ಯಾಕೆ ಅಂದ್ರೆ ಬೆಂಕಿ ಹರಡೋಕೂ ಹೊತ್ತು ಬೇಕು. ಉರಿದ ಗಾಳಿ ಉಬ್ಬಿ ಪಿಸ್ಟನ್ನನ್ನ ಕೆಳಕ್ಕೆ ಒದೆಯುತ್ತೆ. ನಿಮ್ಮ ಚಕ್ರ ತಿರುಗಿಸೋದು ಈ ಒದೆತ.

ಇಳಿಯುವಾಗ ಹಿಂದಿನ ಕಿಟಕಿ ಮುಚ್ಚಿಕೊಳ್ಳುತ್ತೆ. ಡಬ್ಬಿಯೊಳಗೆ ಬಂದ ಹೊಸ ಗಾಳಿ ಈಗ ಸಿಕ್ಕಿಹಾಕಿಕೊಂಡು ಅದುಮಿಕೊಳ್ಳುತ್ತೆ. ಪಿಸ್ಟನ್ನಿನ ತಲೆ ಮೊದಲು ಹೊಗೆಯ ಕಿಟಕಿಗಿಂತ ಕೆಳಗೆ ಇಳಿಯುತ್ತೆ, ಸುಟ್ಟ ಹೊಗೆ ಹೊರಗೆ ಹಾರುತ್ತೆ. ಒಂದು ಕ್ಷಣ ತಡವಾಗಿ ಪಕ್ಕದ ಕಿಟಕಿಗಳು ತೆರೆಯುತ್ತವೆ, ಕೆಳಗೆ ಒತ್ತಡದಲ್ಲಿ ಕಾಯ್ತಾ ಇದ್ದ ಹೊಸ ಗಾಳಿ ಮೇಲಕ್ಕೆ ಬಂದು ಉಳಿದ ಹೊಗೆಯನ್ನ ತಳ್ಳುತ್ತೆ. ಒಂದು ಸುತ್ತು ಮುಗೀತು. ನಿಮಿಷಕ್ಕೆ 3000 ಸುತ್ತು ಅಂದ್ರೆ ಇದು ಸೆಕೆಂಡಿಗೆ 50 ಸಲ. ಒಂದು ಹತ್ತಾಟ, ಒಂದು ಇಳಿದಾಟ, ಎರಡೇ ಸ್ಟ್ರೋಕಿಗೆ ಕೆಲಸ ಮುಗಿಯೋದಕ್ಕೆ ಇದನ್ನ ಟೂ ಸ್ಟ್ರೋಕ್ ಅಂತಾರೆ. ಈಗಿನ ಬೈಕುಗಳ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಉರಿದ್ರೆ ಇದು ಪ್ರತಿ ಸುತ್ತಿಗೂ ಉರಿಯುತ್ತೆ.

ಹೊಸ ಗಾಳಿ ಬರೋದೂ ಹಳೆ ಹೊಗೆ ಹೋಗೋದೂ ಒಂದೇ ಹೊತ್ತಲ್ಲಿ ಆದ್ರೆ ಎರಡೂ ಕಲಸಿಹೋಗಲ್ವಾ ಅಂತ ಕೇಳಬಹುದು. ಹೋಗುತ್ತೆ. ಅದನ್ನ ಕಡಿಮೆ ಮಾಡೋ ಉಪಾಯ 1920ರ ದಶಕದಲ್ಲಿ ಅಡಾಲ್ಫ್ ಶ್ನೂರ್ಲೆ ಅನ್ನೋ ಜರ್ಮನ್ ಎಂಜಿನಿಯರ್ ತೋರಿಸಿದ್ರು: ಪಕ್ಕದ ಕಿಟಕಿಗಳನ್ನ ನೇರ ಇಡಬೇಡಿ, ಹಿಂದಿನ ಗೋಡೆ ಕಡೆಗೆ ಓರೆಯಾಗಿ ತಿರುಗಿಸಿ. ಹೊಸ ಗಾಳಿ ಹಿಂದಿನ ಗೋಡೆಗೆ ತಾಗಿ, ಮೇಲಕ್ಕೆ ಹತ್ತಿ, ಸುತ್ತು ಹಾಕಿ ಬರೋ ಹೊತ್ತಿಗೆ ಹೊಗೆ ಹೊರಗೆ ಹೋಗಿರುತ್ತೆ. ಜಾವಾ ಸಿಲಿಂಡರ್ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ್ರೆ ಆ ಓರೆ ಕಾಣುತ್ತೆ. ಆದ್ರೂ ಒಂದಷ್ಟು ಹಸಿ ಪೆಟ್ರೋಲ್ ಹೊಗೆಯ ಜೊತೆ ಹೊರಟುಹೋಗೋದು ತಪ್ಪಲ್ಲ. ಹೊಗೆ ನಿಯಮ ಬಿಗಿಯಾದ ಮೇಲೆ ಈ ಜಾತಿಯ ಬೈಕುಗಳು ಉಳಿಯದೇ ಹೋಗಿದ್ದಕ್ಕೆ ಇದೇ ದೊಡ್ಡ ಕಾರಣ.

ಜಾವಾ ನಿಂತಲ್ಲಿ ಸ್ಟಾರ್ಟ್ ಆಗಿದ್ದಾಗ ಟಂಗ್... ಟಂಗ್... ಟಟಂಗ್ ಅಂತ ತಾಳ ತಪ್ಪಿ ಬಡಿಯೋ ಸದ್ದಿಗೂ ಇದೇ ಮೂಲ. ಆಕ್ಸಿಲರೇಟರ್ ಮುಚ್ಚಿದ್ದಾಗ ಬರೋ ಹೊಸ ಗಾಳಿ ಕಡಿಮೆ, ಒಳಗೆ ಹಳೆ ಹೊಗೆ ಜಾಸ್ತಿ, ಕಿಡಿ ಹಾರಿದ್ರೂ ಹತ್ತಿಕೊಳ್ಳಲ್ಲ. ಮುಂದಿನ ಸುತ್ತಿನಲ್ಲಿ ಇನ್ನಷ್ಟು ಹೊಸ ಗಾಳಿ ಸೇರುತ್ತೆ, ಆಗ ಹತ್ತುತ್ತೆ. ಹೀಗೆ ಸುತ್ತು ಬಿಟ್ಟು ಸುತ್ತು ಉರಿಯೋದನ್ನ ಕೇಳಿ ಎಂಜಿನ್ ಕೆಟ್ಟಿದೆ ಅಂತ ನನ್ನ ಹೆಂಡತಿಯ ಅಣ್ಣ ಕಾರ್ಬುರೇಟರ್ ಬಿಚ್ಚೋಕೆ ಹೊರಟಿದ್ರು. ಕೆಟ್ಟಿಲ್ಲ, ಅದರ ಉಸಿರೇ ಹಾಗೆ.

ಈಗ ಆಯಿಲ್ ವಿಷಯ. ಫೋರ್ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೆಳಗೆ ಆಯಿಲ್ ತುಂಬಿಟ್ಟು ಪಂಪಿನಿಂದ ಎಲ್ಲ ಕಡೆ ಕಳಿಸಬಹುದು. ಇಲ್ಲಿ ಆ ಜಾಗದಲ್ಲಿ ಪೆಟ್ರೋಲ್ ಗಾಳಿ ಓಡಾಡುತ್ತೆ, ಆಯಿಲ್ ನಿಲ್ಲಿಸೋ ಹಾಗಿಲ್ಲ. ಅದಕ್ಕೇ ಆಯಿಲನ್ನ ಪೆಟ್ರೋಲ್ ಜೊತೆಗೇ ಕಳಿಸ್ತಾರೆ. ಲೀಟರಿಗೆ 40 ಮಿಲಿ ಟೂಟಿ (2T, ಟೂ ಸ್ಟ್ರೋಕ್ ಎಂಜಿನ್ನಿಗೆ ಅಂತಲೇ ಬರೋ) ಆಯಿಲ್, ಅಂದ್ರೆ 25ಕ್ಕೆ 1. ಡಬ್ಬಿಯೊಳಗೆ ಬಂದಾಗ ಪೆಟ್ರೋಲ್ ಆವಿಯಾಗುತ್ತೆ, ಆಯಿಲ್ ಮಂಜಿನ ಹಾಗೆ ಬೇರಿಂಗಿನ ಮೇಲೆ, ಸಿಲಿಂಡರ್ ಗೋಡೆಯ ಮೇಲೆ ಕೂರುತ್ತೆ. ಅಷ್ಟು ತೆಳ್ಳನೆ ಎಣ್ಣೆಯಲ್ಲಿ ಬದುಕಬೇಕು ಅಂತಲೇ ಕ್ರ್ಯಾಂಕಿಗೆ, ರಾಡಿನ ಬುಡಕ್ಕೆ ಉರುಳೋ ಬೇರಿಂಗ್ ಹಾಕಿದ್ದಾರೆ. ಕೆಲಸ ಮುಗಿದ ಆಯಿಲ್ ಮೇಲೆ ಹೋಗಿ ಸುಟ್ಟು ಹೊಗೆಯಾಗುತ್ತೆ, ಜಾವಾ ಹಿಂದೆ ಬರೋ ನೀಲಿ ಹೊಗೆ ಅದೇ. ನಮ್ಮಲ್ಲಿ ಸಿಲ್ವರ್ ಮರ ಕೊಯ್ಯೋಕೆ ತರೋ ಚೈನ್ ಸಾ ನೋಡಿ, ಅದರದ್ದೂ ಇದೇ ಸಂಸಾರ, ಅದಕ್ಕೂ ಟೂಟಿ ಬೆರೆಸಿದ ಪೆಟ್ರೋಲೇ.

ಹಾಗಾಗಿ ನಿಮ್ಮ ಕೈಯಲ್ಲಿರೋ ಆಕ್ಸಿಲರೇಟರ್ ಬರೀ ಪೆಟ್ರೋಲಿನ ನಲ್ಲಿ ಅಲ್ಲ, ಆಯಿಲ್ ನಲ್ಲಿಯೂ ಅದೇ. ನನಗೆ ಇದು ತಿಳಿದಿದ್ದು ಸಂಪಾಜೆ ಘಾಟಿಯಲ್ಲಿ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಸಂಪಾಜೆ ಕಡೆಗೆ ಬರೀ ಇಳಿತ. ಪೆಟ್ರೋಲೂ ಉಳೀತು, ಬ್ರೇಕೂ ಉಳೀತು ಅಂತ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಸ್ತಾ ಇದ್ದೆ. ಎಂಜಿನ್ ಜೋರಾಗಿ ತಿರುಗ್ತಾ ಇದೆ, ಆದ್ರೆ ನಲ್ಲಿ ಬಂದ್. ಜೋಡುಪಾಲ ಸಿಗೋಕೆ ಮುಂಚೆ ಕೀಚ್ ಅಂತ ಒಂದು ಸದ್ದು, ಹಿಂದಿನ ಚಕ್ರ ಕಟ್ಟಿಹಾಕಿದ ಹಾಗೆ ನಿಂತು ಗಾಡಿ ಅಡ್ಡ ಜಾರಿತು. ಕ್ಲಚ್ ಹಿಡಿದಿದ್ದಕ್ಕೆ ಬಚಾವಾದೆ. ಅರ್ಧ ಗಂಟೆ ಆರೋಕೆ ಬಿಟ್ಟ ಮೇಲೆ ಕಿಕ್ಕರ್ ಅಲುಗಿತು.

ಊರಿಗೆ ತಂದು ನಮ್ಮ ಗ್ಯಾರೇಜಿನ ಕಾಕನ ಹತ್ತಿರ ಬಿಚ್ಚಿಸಿದೆ. ಪಿಸ್ಟನ್ನಿನ ಮುಂದಿನ ಮೈ, ಹೊಗೆಯ ಕಿಟಕಿ ಕಡೆಯದು, ಉದ್ದುದ್ದ ಗೀರು ಬಿದ್ದು ಅಲ್ಯೂಮಿನಿಯಂ ಸವರಿಕೊಂಡಿತ್ತು. ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಬೀಡುಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಜಾಸ್ತಿ ಉಬ್ಬುತ್ತೆ, ನಡುವೆ ಎಣ್ಣೆ ಇಲ್ಲದಿದ್ರೆ ಗೋಡೆಗೆ ಕಚ್ಚಿಕೊಳ್ಳುತ್ತೆ. ಕಾಕ ಪಿಸ್ಟನ್ನನ್ನ ನನ್ನ ಕೈಗೆ ಕೊಟ್ಟು, "ಇಳಿಜಾರಲ್ಲಿ ನೀವು ಪೆಟ್ರೋಲ್ ಉಳಿಸಿದ್ದು ಎಷ್ಟು?" ಅಂತ ಒಂದೇ ಮಾತು ಕೇಳಿದ್ರು. ಸಿಲಿಂಡರ್ ಬೋರ್ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿಸಬೇಕಾಯ್ತು. ಈಗ ಘಾಟಿ ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಆಕ್ಸಿಲರೇಟರ್ ಒಮ್ಮೆ ತಿರುವುತ್ತೀನಿ, ಒಳಗೆ ಒಂದು ಗುಟುಕು ಆಯಿಲ್ ಹೋಗಲಿ ಅಂತ. ಸ್ವೀಡನ್ನಿನ ಸಾಬ್, ಪೂರ್ವ ಜರ್ಮನಿಯ ವಾರ್ಟ್‌ಬರ್ಗ್ ಅಂತ ಟೂ ಸ್ಟ್ರೋಕ್ ಕಾರುಗಳಿದ್ದವು. ಅವಕ್ಕೆ ಇದೇ ಭಯಕ್ಕೆ ಸೈಕಲ್ಲಿನ ಹಾಗೆ ಫ್ರೀವೀಲ್ ಇಟ್ಟಿದ್ರು, ಇಳಿಜಾರಲ್ಲಿ ಕಾರು ತಾನೇ ಉರುಳುತ್ತೆ, ಎಂಜಿನ್ ನಿಧಾನಕ್ಕೆ ತಿರುಗ್ತಾ ಇರುತ್ತೆ.

ಇನ್ನು ಆ "ಅರ್ಧ ನಿಜ". ಎಂಜಿನ್ ಹಿಂದೆ ಅದೇ ಮೈಯಲ್ಲಿ ಗೇರ್‌ಬಾಕ್ಸ್ ಇದೆ, ಅದಕ್ಕೆ ಬೇರೆ ಆಯಿಲ್ ಇದೆ, ಅದನ್ನ ಬದಲಾಯಿಸಲೇಬೇಕು. ಆದ್ರೆ ಅದು ಗೇರು, ಕ್ಲಚ್ ಬಿಟ್ಟು ಕ್ರ್ಯಾಂಕ್ ಕೋಣೆಗೆ ಬರಕೂಡದು. ನಡುವೆ ಕಾವಲಿರೋದು ಕ್ರ್ಯಾಂಕಿನ ತುದಿಯಲ್ಲಿರೋ ಒಂದು ರಬ್ಬರ್ ಸೀಲ್. ಎಡಗಡೆ, ಕ್ಲಚ್ ಕಡೆಯ ಸೀಲ್ ಹೋದ್ರೆ ಎಂಜಿನ್ ಗೇರ್ ಆಯಿಲನ್ನೇ ಹೀರಿಕೊಂಡು ಸೊಳ್ಳೆ ಔಷಧಿ ಹೊಡೆದ ಹಾಗೆ ಹೊಗೆ ಬಿಡುತ್ತೆ. ಬಲಗಡೆ, ಡೈನಮೊ ಕಡೆಯದು ಹೋದ್ರೆ ಹೊರಗಿನ ಗಾಳಿ ಒಳಗೆ ಬಂದು ಪೆಟ್ರೋಲ್ ಸಾಲದೆ ಎಂಜಿನ್ ತಾನಾಗೇ ರೇಸ್ ಆಗುತ್ತೆ, ಬಿಸಿಯಾಗುತ್ತೆ. ಹತ್ತು ವರ್ಷ ನಿಂತ ಗಾಡಿಯಲ್ಲಿ ಈ ಎರಡು ಸೀಲ್ ಒಣಗಿ ಗಟ್ಟಿಯಾಗಿರುತ್ತವೆ. ಮೊದಲ ಖರ್ಚು ಅದಕ್ಕೇ ಇಡಿ, ಟ್ಯಾಂಕಿನ ಬಣ್ಣಕ್ಕಲ್ಲ.

ಸೈಲೆನ್ಸರ್ ಬಗ್ಗೆ ಎರಡು ಮಾತು. ಅರ್ಧ ಸುಟ್ಟ ಆಯಿಲ್ ಹೊಗೆಯ ಕಿಟಕಿಯಲ್ಲಿ, ಸೈಲೆನ್ಸರ್ ಒಳಗಿನ ಜಾಲರಿಯಲ್ಲಿ ಕರಿ ಕಟ್ಟುತ್ತೆ. ಗಾಡಿ ಸಪಾಟಿನಲ್ಲಿ ಓಡುತ್ತೆ, ಏರಿನಲ್ಲಿ ಸೋಲುತ್ತೆ ಅಂದ್ರೆ ಮೊದಲು ನೋಡಬೇಕಾದ್ದು ಅಲ್ಲಿ. ದೊಡ್ಡಪ್ಪ ಕಾಫಿ ಗಿಡದ ಸೌದೆ ಬೆಂಕಿಯಲ್ಲಿ ಜಾಲರಿ ಕೆಂಪಗೆ ಕಾಯಿಸಿ ಬಡಿದು ತೆಗೀತಿದ್ರು. ಜಾಲರಿ ಕಿತ್ತೆಸೆದು ಸದ್ದು ಜಾಸ್ತಿ ಮಾಡೋ ಹುಡುಗರ ಮಾತು ಕೇಳಬೇಡಿ. ಸೈಲೆನ್ಸರಿನಿಂದ ವಾಪಸ್ ಬರೋ ಒತ್ತಡದ ಅಲೆ ಹೊರಗೆ ಓಡ್ತಾ ಇರೋ ಹಸಿ ಪೆಟ್ರೋಲನ್ನ ಸ್ವಲ್ಪ ತಡೆಯುತ್ತೆ, ಕಿತ್ತರೆ ಸದ್ದು ಬರುತ್ತೆ, ಎಳೆತ ಹೋಗುತ್ತೆ.

ಗೇರ್ ನಾಲ್ಕು. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಅದೇ ಕಿಕ್ಕರ್. ಲಿವರ್ ಒತ್ತಿದಾಗ ಒಳಗೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತೆ, ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಾಯಿಸಬಹುದು. ಚೆಕ್ ದೇಶದವರ ಈ ಜಾಣತನ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ನಮ್ಮವರ ಕೈಗೂ ಬಂತು. ಆಮೇಲೆ ಯೆಜ್ಡಿ ಅಂತ ಹೆಸರಾಗಿ, 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಎಂಜಿನ್ ಒಳಗಿನ ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ನಿಮ್ಮ ಗಾಡಿಗೆ ಬಂದ್ರೆ, ದಯವಿಟ್ಟು ಹೋಗಿ ಕಿಕ್ಕರ್ ಒದೀಬೇಡಿ. ಕ್ರ್ಯಾಂಕ್ ಕೋಣೆಯಲ್ಲಿ ಆಯಿಲ್ ನಿಂತಿರಲ್ಲ ಅಂದೆನಲ್ಲ, ನಮ್ಮ ಮಳೆಗಾಲದ ಥಂಡಿಗೆ ಬೇರಿಂಗ್ ತುಕ್ಕು ಹಿಡಿದಿರಬಹುದು, ರಿಂಗ್ ಅಂಟಿರಬಹುದು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಎರಡು ಚಮಚ ಟೂಟಿ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನ ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಅಲುಗಿದ್ರೆ ಒಂದು ಕಡೆಯ ಸೈಲೆನ್ಸರ್ ಪೈಪ್ ಕಳಚಿ ಆ ಕಿಟಕಿಗೆ ಟಾರ್ಚ್ ಬಿಡಿ. ಚಕ್ರ ತಿರುಗಿಸಿದ ಹಾಗೆಲ್ಲ ಪಿಸ್ಟನ್ ಹತ್ತೋದು, ಇಳಿಯೋದು, ಕಿಟಕಿ ಮುಚ್ಚೋದು, ತೆರೆಯೋದು, ನಾನು ಇಷ್ಟುದ್ದ ಬರೆದಿದ್ದೆಲ್ಲ ಕಣ್ಣೆದುರಿಗೇ ಕಾಣುತ್ತೆ. ಪಿಸ್ಟನ್ನಿನ ಮೈ ಮೇಲೆ ಉದ್ದುದ್ದ ಗೀರು ಕಂಡ್ರೆ ನಿಮ್ಮಜ್ಜನೂ ಯಾವುದೋ ಘಾಟಿಯಲ್ಲಿ ಪೆಟ್ರೋಲ್ ಉಳಿಸೋಕೆ ಹೋಗಿದ್ರು ಅಂತಲೇ ಲೆಕ್ಕ.